ನೀವು ಯಾವ ಪುಟದಲ್ಲಿ ನಿಂತಿರಿ?

ತುಂಬಾ ದಿನಗಳಾದವು ಇಲ್ಲಿ ಏನೂ ಬರೆಯದೆ. ಕೆಲಸ, ಓಡಾಟ, ಸೋಮಾರಿತನ ಅಂತ ಮೂರು ಕಾರಣ ಕೊಡಬಹುದು. ಮೂರನೆಯದೇ ನಿಜ :) ಆದರೆ ಕಳೆದ ಭಾನುವಾರದಿಂದ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ, ಏಳುತ್ತಲೇ ಇಲ್ಲ. ಬರೆದುಬಿಟ್ಟರೆ ಹಗುರಾಗಬಹುದೇನೋ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಬನ್ನಿ.

ನಾವು ಐದು ಜನ ಎರಡು ತಿಂಗಳಿಗೊಮ್ಮೆ ಮೇಷ್ಟ್ರ ಮನೆಯ ಮಹಡಿ ಮೇಲೆ ಸೇರುತ್ತೇವೆ. ಒಂದೇ ಪುಸ್ತಕವನ್ನು ಎಲ್ಲರೂ ಓದಿಕೊಂಡು ಬರಬೇಕು ಅನ್ನೋದು ನಿಯಮ. ಓದದೆ ಬಂದವರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು ಅನ್ನೋದು ಉಪನಿಯಮ. ಇಷ್ಟು ದಿನ ಕನ್ನಡ ಕಾದಂಬರಿಗಳನ್ನೇ ಓದುತ್ತಿದ್ದ ನಾವು ಈ ಸಲ ನನ್ನ ಒತ್ತಾಯಕ್ಕೆ ಒಂದು ಇಂಗ್ಲಿಷ್ ಕಾದಂಬರಿಗೆ ಕೈ ಹಾಕಿದೆವು. ಜೇಮ್ಸ್ ಜಾಯ್ಸ್ ಬರೆದ 'ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್'. ಹೆಸರು ಉದ್ದ, ಪುಸ್ತಕ ಅಷ್ಟೇನೂ ದಪ್ಪ ಇಲ್ಲ. "ಇಷ್ಟು ಸಣ್ಣ ಪುಸ್ತಕಕ್ಕೆ ಎರಡು ತಿಂಗಳಾ?" ಅಂತ ಎಲ್ಲರೂ ನಕ್ಕಿದ್ದರು. ಆಮೇಲೆ ಯಾರೂ ನಗಲಿಲ್ಲ.

ಓದದೇ ಇರುವವರಿಗೆ ಒಂದೆರಡು ಮಾತು. ಡಬ್ಲಿನ್ನಿನ ಸ್ಟೀಫನ್ ಡೆಡಾಲಸ್ ಅನ್ನೋ ಹುಡುಗ ಬೆಳೆದು ದೊಡ್ಡವನಾಗೋ ಕತೆ ಇದು. ಐದು ಅಧ್ಯಾಯ. ಮೊದಲ ಪುಟದಲ್ಲಿ ಅವನು ಅಪ್ಪನ ಬಾಯಲ್ಲಿ ಹಸುವಿನ ಕತೆ ಕೇಳುತ್ತಿರುವ ಕೂಸು, ಕೊನೆಯ ಪುಟದಲ್ಲಿ ಮನೆ, ಚರ್ಚು, ದೇಶ ಎಲ್ಲವನ್ನೂ ಬಿಟ್ಟು ಪ್ಯಾರಿಸ್ಸಿಗೆ ಹೊರಟಿರುವ ಕಾಲೇಜು ಹುಡುಗ. ಮಜಾ ಏನಂದರೆ ಹುಡುಗನ ಜೊತೆ ಭಾಷೆಯೂ ಬೆಳೆಯುತ್ತಾ ಹೋಗುತ್ತದೆ. ಶುರುವಿನಲ್ಲಿ ಮಗುವಿನ ತೊದಲು, ಕೊನೆಗೆ ಬರುವಷ್ಟರಲ್ಲಿ ಅಕ್ವೈನಾಸನ ಸೌಂದರ್ಯಮೀಮಾಂಸೆ. ಮಧ್ಯದಲ್ಲಿ ಲೇಖಕ ಬಂದು "ನೋಡಿ, ಈಗ ಹೀಗಾಯಿತು" ಅಂತ ಹೇಳುವುದೇ ಇಲ್ಲ. ಹುಡುಗನಿಗೆ ಎಷ್ಟು ಅರ್ಥವಾಯಿತೋ ಓದುಗನಿಗೂ ಅಷ್ಟೇ. ಕಷ್ಟ ಇರೋದೇ ಇಲ್ಲಿ.

ಮಹಡಿ ಮೇಲೆ ಕೂತ ಹತ್ತೇ ನಿಮಿಷದಲ್ಲಿ ಜಗಳ ಶುರುವಾಯಿತು. ಒಬ್ಬರು ಬೋರು ಅಂದರು, ಒಬ್ಬರು ಅದ್ಭುತ ಅಂದರು, ಒಬ್ಬರು ಅರ್ಥವೇ ಆಗಲಿಲ್ಲ ಅಂದರು. ಕೊನೆಗೆ ಮೇಷ್ಟ್ರು ಕೈ ಎತ್ತಿ, "ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋ ಮಾತೇ ಬೇಡ. ಎಲ್ಲರೂ ಎಲ್ಲೋ ಒಂದು ಕಡೆ ಓದೋದು ನಿಲ್ಲಿಸಿರ್ತೀರಲ್ಲ, ಅದು ಯಾವ ಪುಟ, ಯಾಕೆ, ಅಷ್ಟು ಹೇಳಿ ಸಾಕು" ಅಂದರು. ಆ ಮಾತಿನಿಂದ ಸಂಜೆಯ ದಿಕ್ಕೇ ಬದಲಾಯಿತು.

*

ಮೊದಲು ನಮ್ಮ ಬ್ಯಾಂಕಿನ ಗೆಳೆಯ. ಬೋರು ಅಂದವನು ಅವನೇ. ಅವನು ನಿಂತದ್ದು ಮೊದಲ ಅಧ್ಯಾಯದಲ್ಲೇ, ಕ್ರಿಸ್ಮಸ್ ಊಟದ ಹತ್ತಿರ. "ಯಾರೋ ಪಾರ್ನೆಲ್ ಅಂತೆ, ಅವನ ಹೆಸರಲ್ಲಿ ಊಟದ ಮೇಜಿನ ಮೇಲೆ ಕಿತ್ತಾಡ್ತಾರೆ. ಒಂದು ಅಡಿಟಿಪ್ಪಣಿ ಕೊಟ್ಟಿದ್ದರೆ ಇವರ ಗಂಟೇನು ಹೋಗ್ತಿತ್ತು?" ಅನ್ನೋದು ಅವನ ತಕರಾರು.

ನನಗೆ ಗೊತ್ತಿದ್ದಷ್ಟು ಹೇಳಿದೆ. ಚಾರ್ಲ್ಸ್ ಸ್ಟೀವರ್ಟ್ ಪಾರ್ನೆಲ್ ಐರ್ಲೆಂಡಿಗೆ ಸ್ವಯಮಾಡಳಿತ ಬೇಕು ಅಂತ ಹೋರಾಡಿದ ದೊಡ್ಡ ನಾಯಕ. 1890ರಲ್ಲಿ ಒಂದು ವಿಚ್ಛೇದನದ ಮೊಕದ್ದಮೆಯಲ್ಲಿ, ಮದುವೆಯಾದ ಹೆಂಗಸಿನ ಜೊತೆ ಅವನ ಸಂಬಂಧ ಬಯಲಾಯಿತು. ಬಿಷಪ್ಪರು ತಿರುಗಿಬಿದ್ದರು, ಪಕ್ಷ ಒಡೆಯಿತು. 1891ರಲ್ಲಿ ಸತ್ತೇಹೋದ. ಅವನ ಮನೆಮನೆಯಲ್ಲೂ ಎರಡು ಪಾಳಯ. ಪುಟ್ಟ ಸ್ಟೀಫನ್ ದೊಡ್ಡವರ ಜೊತೆ ಮೊದಲ ಸಲ ಹಬ್ಬದ ಊಟಕ್ಕೆ ಕೂತಿದ್ದಾನೆ. ಅವತ್ತೇ ಅಪ್ಪ ಮತ್ತು ಅಪ್ಪನ ಸ್ನೇಹಿತ ಒಂದು ಕಡೆ, ಮಗುವನ್ನು ನೋಡಿಕೊಳ್ಳುವ ದೈವಭಕ್ತ ಹೆಂಗಸು ಇನ್ನೊಂದು ಕಡೆ ಆಗಿ ಮಾತು ಮಿತಿಮೀರುತ್ತದೆ. ಆಕೆ ಬಾಗಿಲು ಬಡಿದು ಹೋಗುತ್ತಾಳೆ. ಅಪ್ಪನ ಕಣ್ಣಲ್ಲಿ ನೀರು ಬರುವುದನ್ನು ಹುಡುಗ ನೋಡುತ್ತಾನೆ.

ಇಷ್ಟು ಹೇಳಿದೆನೋ ಇಲ್ಲವೋ, ಗೆಳೆಯನ ಮುಖ ಬದಲಾಯಿತು. ಅವನ ಊರು ಚಿಕ್ಕಮಗಳೂರಿನ ಹತ್ತಿರ. "1978ರ ದೀಪಾವಳಿ ಕಣೋ" ಅಂದ. ಆ ನವೆಂಬರಿನ ಉಪಚುನಾವಣೆಗೆ ಇಂದಿರಾ ಗಾಂಧಿ ಅಲ್ಲಿ ನಿಂತಿದ್ದರು, ಎದುರಿಗೆ ವೀರೇಂದ್ರ ಪಾಟೀಲರು. ಮನೆಯಲ್ಲಿ ತಾತ ಒಂದು ಪಕ್ಷ, ದೊಡ್ಡಪ್ಪ ಇನ್ನೊಂದು. ಎಲೆ ಮುಂದೆ ಕೂತಿದ್ದ ದೊಡ್ಡಪ್ಪ ಹೋಳಿಗೆ ಬಡಿಸುವ ಹೊತ್ತಿಗೆ ಎದ್ದು ಹೋದರಂತೆ. ಏಳು ವರ್ಷದ ಇವನು ಆ ಖಾಲಿ ಎಲೆಯನ್ನೇ ನೋಡುತ್ತಾ ಕೂತಿದ್ದನಂತೆ. ದೊಡ್ಡಪ್ಪ ಆ ಮನೆಯಲ್ಲಿ ಮತ್ತೆ ಹಬ್ಬದೂಟಕ್ಕೆ ಕೂತಿದ್ದು ತಾತ ತೀರಿಕೊಂಡ ಮೇಲೆ.

"ಅವತ್ತು ನನಗೂ ಯಾರೂ ಅಡಿಟಿಪ್ಪಣಿ ಕೊಟ್ಟಿರಲಿಲ್ಲ" ಅಂದ. ಬೋರು ಅಂದಿದ್ದನ್ನು ವಾಪಸ್ ತಗೊಳ್ಳಲಿಲ್ಲ ಅನ್ನಿ. ಐದನೇ ಅಧ್ಯಾಯದ ಸೌಂದರ್ಯ ಸಿದ್ಧಾಂತ ಬೋರೇ ಅನ್ನೋದು ಅವನ ಅಂತಿಮ ತೀರ್ಪು. ಪೂರ್ತಿ ಒಪ್ಪದಿದ್ದರೂ ನಾನೂ ಅಲ್ಲಿ ಒಂದೆರಡು ಸಲ ತೂಕಡಿಸಿದ್ದು ನಿಜ.

ಅತ್ತಿಗೆ ನಿಂತದ್ದು ಮೂರನೇ ಅಧ್ಯಾಯದಲ್ಲಿ. ಅದು ಬಹಳಷ್ಟು ಓದುಗರು ಪುಸ್ತಕ ಮುಚ್ಚಿಡುವ ಜಾಗ. ಹದಿಹರೆಯದ ಸ್ಟೀಫನ್ ವೇಶ್ಯೆಯರ ಬೀದಿಗೆ ಹೋಗಿಬಂದಿದ್ದಾನೆ. ಆ ಹೊತ್ತಿಗೆ ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹೆಸರಲ್ಲಿ ಧ್ಯಾನಶಿಬಿರ ನಡೆಯುತ್ತದೆ. (ಅದೇ ಸಂತ, ನಮ್ಮ ಪಕ್ಕದ ಗೋವಾದ ಬಸಿಲಿಕಾದಲ್ಲಿ ದೇಹ ಇಟ್ಟಿದ್ದಾರಲ್ಲ, ಅವರೇ.) ಅಲ್ಲಿ ಪಾದ್ರಿ ನರಕದ ವರ್ಣನೆ ಶುರುಮಾಡುತ್ತಾರೆ. ಕತ್ತಲೆ, ನಾತ, ಬೆಂಕಿ, ಕೊನೆಯಿಲ್ಲದ ಕಾಲ... ಪುಟಗಟ್ಟಲೆ. ಒಂದು ಹಾಸ್ಯ ಇಲ್ಲ, ಒಂದು ವ್ಯಂಗ್ಯ ಇಲ್ಲ. ಲೇಖಕ ಆ ಕಡೆ ನಿಂತಿದ್ದಾನೋ ಈ ಕಡೆಯೋ ಅನ್ನೋದೂ ಗೊತ್ತಾಗೋದಿಲ್ಲ.

ನಾನು, ಗೆಳೆಯ ಇಬ್ಬರೂ ಆ ಪುಟಗಳನ್ನು ಹಾರಿಸಿಕೊಂಡು ಓದಿದ್ದೆವು. ಅತ್ತಿಗೆ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಒಂದೊಂದು ಪದ ಬಿಡದೆ ಓದಿದವರು. "ನನಗೆ ಇಡೀ ಪುಸ್ತಕದಲ್ಲಿ ಚೆನ್ನಾಗಿ ಅರ್ಥ ಆಗಿದ್ದೇ ಅದು" ಅಂದುಬಿಟ್ಟರು. "ಗರುಡ ಪುರಾಣ ಅಲ್ವಾ ಅದು?"

ಅವರಿಗೆ ಹತ್ತು ವರ್ಷವಿದ್ದಾಗ ಅಜ್ಜ ತೀರಿಕೊಂಡರಂತೆ. ಸೂತಕದ ದಿನಗಳಲ್ಲಿ ಭಟ್ಟರು ಬಂದು ಸಂಜೆ ಗರುಡ ಪುರಾಣ ಓದುತ್ತಿದ್ದರು. ದೊಡ್ಡವರೆಲ್ಲ ಅರ್ಧ ಕಿವಿಗೊಟ್ಟು ಅರ್ಧ ತೂಕಡಿಸುತ್ತಿದ್ದರೆ ಈ ಹುಡುಗಿ ಕಂಬದ ಹಿಂದೆ ಕೂತು ನಡುಗುತ್ತಿದ್ದಳು. ಯಾಕೆಂದರೆ ಅದಕ್ಕೆ ಎರಡು ವಾರ ಮುಂಚೆ ಅಕ್ಕನ ಕಿವಿಯೋಲೆ ಕಳೆದುಹಾಕಿ, ಕೆಲಸದವಳ ಮೇಲೆ ಅನುಮಾನ ಬಂದಾಗ ಬಾಯಿಮುಚ್ಚಿಕೊಂಡಿದ್ದಳು. ಭಟ್ಟರು ಓದುತ್ತಿದ್ದ ಒಂದೊಂದು ಶಿಕ್ಷೆಯೂ ತನಗೇ ಅಂತ ಅನ್ನಿಸುತ್ತಿತ್ತಂತೆ. "ಆ ಹುಡುಗನಿಗೂ ಹಾಗೇ ಅನ್ನಿಸುತ್ತೆ ನೋಡಿ. ಪಾದ್ರಿ ಇಡೀ ಶಾಲೆಗೆ ಹೇಳ್ತಿದ್ದಾನೆ, ಇವನು ಮಾತ್ರ ನನಗೇ ಹೇಳ್ತಿರೋದು ಅಂದ್ಕೊಳ್ತಾನೆ. ಮೂರು ದಿನ ಪುಸ್ತಕ ಮುಟ್ಟಲಿಲ್ಲ ನಾನು."

"ಕೆಲಸದವಳ ಕತೆ ಏನಾಯ್ತು?" ಅಂತ ನಾನು ಕೇಳಿದೆ. ಅತ್ತಿಗೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

*

ಅವರ ಮಗಳು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಳೆ. ಇಪ್ಪತ್ತೆರಡು ವರ್ಷ. ಅವಳಿಗಾದರೂ ಸ್ಟೀಫನ್ ಇಷ್ಟವಾಗುತ್ತಾನೆ ಅಂತ ನಾನು ಆಸೆ ಇಟ್ಟುಕೊಂಡಿದ್ದೆ. ಅವಳು ಸ್ಟೀಫನ್ನನ್ನು ಒಗೆದು ಒಣಹಾಕಿದಳು :)

ನಾಲ್ಕನೇ ಅಧ್ಯಾಯದ ಕೊನೆ, ಕಾದಂಬರಿಯಲ್ಲೇ ಹೆಸರಾದ ಜಾಗ. ಪಾದ್ರಿಯಾಗುವ ಅವಕಾಶ ಬಿಟ್ಟು ಸ್ಟೀಫನ್ ಸಮುದ್ರದ ದಂಡೆಗೆ ಬರುತ್ತಾನೆ. ಅಲ್ಲಿ ನೀರಿನಲ್ಲಿ ನಿಂತ ಒಬ್ಬ ಹುಡುಗಿ ಅವನಿಗೆ ಹಕ್ಕಿಯ ಹಾಗೆ ಕಾಣುತ್ತಾಳೆ. ಅದೇ ಕ್ಷಣದಲ್ಲಿ ತಾನು ಕಲಾವಿದ ಅನ್ನೋದು ಅವನಿಗೆ ಹೊಳೆಯುತ್ತದೆ. ನನ್ನ ವಯಸ್ಸಿನವರೆಲ್ಲ ಮೈಮರೆತು ಓದಿದ ಪುಟ.

"ಅವಳು ಒಂದು ಮಾತಾದರೂ ಆಡ್ತಾಳಾ? ಅವಳಿಗೆ ಕಾಲು ಚಳಿ ಆಗ್ತಿತ್ತೇನೋ, ಯಾರು ಕೇಳಿದ್ರು?" ಅಂದಳು. "ಇವನು ವರ್ಷಗಟ್ಟಲೆ ಮನಸ್ಸಿಟ್ಟ ಹುಡುಗಿಗೂ ಬಹಳ ಕಡೆ ಬರೀ ಎರಡು ಇನಿಷಿಯಲ್. ಹೋಗ್ಲಿ ಬಿಡಿ. ಮುಂದಿನ ಪುಟ ತೆಗೀರಿ. ಐದನೇ ಅಧ್ಯಾಯದ ಶುರುವಲ್ಲಿ ಸಾಹೇಬ್ರು ಕಾಲೇಜಿಗೆ ಹೊರಡ್ತಾರೆ. ಮನೇಲಿ ಗಿರವಿ ಅಂಗಡಿಯ ಚೀಟಿಗಳ ರಾಶಿ. ತಂಗಿಯರು ನೀರು ಹಿಡಿದಿಡಬೇಕು, ಅಮ್ಮ ಇವರ ಕತ್ತು ಉಜ್ಜಿ ತೊಳೀಬೇಕು! ರೆಕ್ಕೆ ಕಟ್ಟಿಕೊಂಡು ಹಾರೋ ಮಹಾಶಯನಿಗೆ ತನ್ನ ಕತ್ತು ತಾನು ತೊಳೆಯೋಕೆ ಬರಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ. ಆದರೆ ಒಳಗೆ ಚುಳ್ ಅಂತು. ಇಷ್ಟು ವರ್ಷದಲ್ಲಿ ಎಷ್ಟೋ ಸಲ ಓದಿದ್ದೀನಿ, ಆ ಕತ್ತು ತೊಳೆಯುವ ಸಾಲುಗಳು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಬಿದ್ದಿದ್ದರೂ ಅದೊಂದು ವಿಷಯ ಅಂತ ಅನ್ನಿಸಿರಲಿಲ್ಲ.

ಅವಳ ಬಾಯಿ ಮುಚ್ಚಿಸಲು ನಾನೊಂದು ಅಸ್ತ್ರ ಬಿಟ್ಟೆ. ಜಾಯ್ಸ್ ತನ್ನ ಗೆಳೆಯ ಫ್ರಾಂಕ್ ಬಡ್ಜನ್ ಹತ್ತಿರ, ಜನ ನನ್ನ ಪುಸ್ತಕದ ಹೆಸರಿನ ಕೊನೆಯ ಪದಗಳನ್ನು ಮರೆತುಬಿಡುತ್ತಾರೆ ಅನ್ನೋ ಅರ್ಥದಲ್ಲಿ ಹೇಳಿದ್ದನಂತೆ. ಅಂದರೆ ಇದು ಕಲಾವಿದನ ಚಿತ್ರ ಮಾತ್ರ ಅಲ್ಲ, ಅವನು ಇನ್ನೂ ಎಳಸಾಗಿದ್ದಾಗಿನ ಚಿತ್ರ. ಹಾಗಾದರೆ ಜಾಯ್ಸ್ ಅವನನ್ನು ನೋಡಿ ನಗುತ್ತಿದ್ದಾನಾ, ಬೆನ್ನು ತಟ್ಟುತ್ತಿದ್ದಾನಾ? ಇದಕ್ಕೆ ಉತ್ತರ ಇವತ್ತಿಗೂ ಒಂದೇ ಇಲ್ಲ. ಸ್ಟೀಫನ್ ಒಬ್ಬ ಸಹಿಸಲಾಗದ ಒಣಜಂಭದ ಹುಡುಗ ಅಂತ ಹ್ಯೂ ಕೆನ್ನರ್ ಥರದ ವಿಮರ್ಶಕರು ವಾದಿಸಿದರು. ಲೇಖಕ ಎಲ್ಲಿ ನಿಂತಿದ್ದಾನೆ ಅನ್ನೋದನ್ನೇ ಹೇಳದಿದ್ದರೆ ಓದುಗ ಏನು ಮಾಡಬೇಕು ಅಂತ ವೇಯ್ನ್ ಬೂತ್ 1961ರ ತನ್ನ ಪುಸ್ತಕದಲ್ಲಿ ಗೊಣಗಿದರು.

ಮಿಶ್ರ ಪ್ರತಿಕ್ರಿಯೆ ಅನ್ನೋದು ಈ ಪುಸ್ತಕಕ್ಕೆ ಹುಟ್ಟಿನಿಂದ ಬಂದ ಜಾಯಮಾನ. 1914ರ ಫೆಬ್ರವರಿ 2ರಂದು, ಜಾಯ್ಸ್‌ಗೆ 32 ತುಂಬಿದ ದಿನವೇ, ಲಂಡನ್ನಿನ 'ದಿ ಈಗೋಯಿಸ್ಟ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾಯಿತು. ಪುಸ್ತಕ ಮಾಡೋಣ ಅಂದರೆ ಇಂಗ್ಲೆಂಡಿನಲ್ಲಿ ಮುದ್ರಕರೇ ಒಪ್ಪಲಿಲ್ಲ. ಅಶ್ಲೀಲ ಅಂತ ಕೇಸಾದರೆ ಅಲ್ಲಿ ಮುದ್ರಿಸಿದವನೂ ಕೋರ್ಟಿಗೆ ಹೋಗಬೇಕಿತ್ತು. ಒಂದು ಪ್ರಕಾಶನದ ಪರವಾಗಿ ಹಸ್ತಪ್ರತಿ ಓದಿದ ಎಡ್ವರ್ಡ್ ಗಾರ್ನೆಟ್, ಇದಕ್ಕೆ ಆಕಾರವಿಲ್ಲ, ಕೊನೆಯಲ್ಲಿ ಚೂರುಚೂರಾಗಿ ಬೀಳುತ್ತದೆ, ತಿದ್ದಿ ತನ್ನಿ ಅಂದ. ಕೊನೆಗೆ 1916ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹ್ಯೂಬ್ಷ್ ಅನ್ನೋ ಪ್ರಕಾಶಕ ಹೊರತಂದ. ಪತ್ರಿಕೆಯ ಸಂಪಾದಕಿ ಹ್ಯಾರಿಯೆಟ್ ಶಾ ವೀವರ್ ಅಲ್ಲಿಂದ ಅಚ್ಚಾದ ಹಾಳೆಗಳನ್ನು ತರಿಸಿಕೊಂಡು 1917ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದಳು. ಎಚ್.ಜಿ. ವೆಲ್ಸ್ ಅದನ್ನು ಬಾಯ್ತುಂಬ ಹೊಗಳುತ್ತಲೇ ಈತನಿಗೆ ಮೋರಿ ಚರಂಡಿಗಳ ಗೀಳು ಜಾಸ್ತಿ ಅಂತ ಮೂಗು ಮುಚ್ಚಿಕೊಂಡ. ಅಷ್ಟೇ ಯಾಕೆ, ಬರೆದವನಿಗೇ ಇದರ ಬಗ್ಗೆ ಒಂದೇ ಮನಸ್ಸಿರಲಿಲ್ಲ. 1911ರಲ್ಲಿ ಸಿಟ್ಟು ಬಂದು ಹಸ್ತಪ್ರತಿಯನ್ನು ಬೆಂಕಿಗೆ ಎಸೆದಿದ್ದ. ತಂಗಿ ಐಲೀನ್ ಎಳೆದು ಉಳಿಸಿದಳು.

"ನೋಡಿದ್ರಾ, ಮತ್ತೆ ತಂಗಿ" ಅಂದಳು ಹುಡುಗಿ. ನಾನು ಸುಮ್ಮನಾದೆ.

*

ಮೇಷ್ಟ್ರು ಅಲ್ಲಿಯವರೆಗೂ ಒಂದು ಮಾತಾಡಿರಲಿಲ್ಲ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ಎಲ್ಲರೂ ಒತ್ತಾಯ ಮಾಡಿದ ಮೇಲೆ ನಿಧಾನವಾಗಿ ಶುರುಮಾಡಿದರು.

ಮೊದಲ ಅಧ್ಯಾಯದಲ್ಲಿ ಬೋರ್ಡಿಂಗ್ ಶಾಲೆಯಲ್ಲಿ ಪುಟ್ಟ ಸ್ಟೀಫನ್ನನ ಕನ್ನಡಕ ಒಡೆದುಹೋಗಿರುತ್ತದೆ. ಅವನ ಮೇಷ್ಟ್ರೇ ಬರೆಯೋದು ಬೇಡ ಅಂತ ಬಿಟ್ಟಿರುತ್ತಾರೆ. ತಪಾಸಣೆಗೆ ಬಂದ ಫಾದರ್ ಡೋಲನ್ ಇದನ್ನು ಕಳ್ಳಾಟ ಅಂದುಕೊಂಡು ಎರಡೂ ಅಂಗೈಗೆ ಬಾರಿಸುತ್ತಾನೆ. ಅನ್ಯಾಯ ತಡೆಯಲಾರದೆ ಹುಡುಗ ಒಬ್ಬನೇ ಉದ್ದದ ಓಣಿ ದಾಟಿ ರೆಕ್ಟರ್ ಹತ್ತಿರ ಹೋಗಿ ದೂರು ಕೊಡುತ್ತಾನೆ. ರೆಕ್ಟರ್ ಸಮಾಧಾನ ಮಾಡುತ್ತಾರೆ. ಹೊರಗೆ ಬಂದಾಗ ಗೆಳೆಯರು ಅವನನ್ನು ಎತ್ತಿ ಕುಣಿಯುತ್ತಾರೆ. ಓದುವ ನಮಗೂ ಗೆದ್ದ ಖುಷಿ.

"ನಾನು ನಿಂತಿದ್ದು ಅಲ್ಲಲ್ಲ" ಅಂದರು ಮೇಷ್ಟ್ರು. "ಮುಂದಿನ ಅಧ್ಯಾಯದಲ್ಲಿ ಒಂದು ಸಣ್ಣ ಮಾತು ಬರುತ್ತೆ. ಎಷ್ಟೋ ದಿನದ ಮೇಲೆ ಅಪ್ಪ ದಾರಿಯಲ್ಲಿ ಆ ರೆಕ್ಟರನ್ನು ಭೇಟಿ ಮಾಡಿ ಬಂದಿರ್ತಾನೆ. ನಿನ್ನ ದೂರಿನ ವಿಷಯ ಹೇಳಿಕೊಂಡು ಅವರೆಲ್ಲ ಸಿಕ್ಕಾಪಟ್ಟೆ ನಕ್ಕರಂತೆ ಕಣೋ ಅಂತ ಮನೆಯಲ್ಲಿ ಹೇಳಿ ತಾನೂ ನಗ್ತಾನೆ. ಹುಡುಗನಿಗೆ ಏನನ್ನಿಸಿತು ಅಂತ ಜಾಯ್ಸ್ ಒಂದಕ್ಷರ ಬರೆಯೋದಿಲ್ಲ. ಬೇಕಾಗೂ ಇಲ್ಲ."

ಸ್ವಲ್ಪ ಹೊತ್ತು ಬಿಟ್ಟು ಮುಂದುವರೆಸಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ದಿನಾ ಕಾಪಿ ಬರೆಯದೆ ಬರುತ್ತಿದ್ದನಂತೆ. ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಚೆನ್ನಾಗಿ ಬಾರಿಸಿದರು. ವಾರದ ಮೇಲೆ ಇನ್ನೊಬ್ಬ ಹುಡುಗ ಹೇಳಿದ, ಅವರ ಮನೆಯಲ್ಲಿ ರಾತ್ರಿ ದೀಪಕ್ಕೆ ಸೀಮೆಎಣ್ಣೆ ಇರುವುದಿಲ್ಲ ಅಂತ.

"ಅದನ್ನ ನಾನು ಸ್ಟಾಫ್ ರೂಮಿನಲ್ಲಿ ಹೇಳಿದೆ. ಯಾರೋ ಒಬ್ಬರು, 'ಹಾಗಾದ್ರೆ ಹಗಲು ಹೊತ್ತಲ್ಲಿ ಬರೀಬಾರದಾ ಬಡ್ಡೀಮಗ' ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಗಲು ಹೊತ್ತಲ್ಲಿ ಅವನು ದನ ಕಾಯ್ತಿದ್ದ. ಅದೂ ನಮಗೆ ಗೊತ್ತಿತ್ತು. ಹೊಡೆದಿದ್ದು ನನಗೆ ಅಷ್ಟು ನೆನಪಿಲ್ಲ ನೋಡಿ. ನಕ್ಕಿದ್ದು ಮಾತ್ರ..."

ಮಹಡಿ ಮೇಲೆ ಯಾರೂ ಏನೂ ಹೇಳಲಿಲ್ಲ. "ಸ್ಟೀಫನ್ ರೆಕ್ಟರ್ ಹತ್ತಿರ ಹೋದ. ನನ್ನ ಹುಡುಗ ಎಲ್ಲಿಗೂ ಹೋಗಲಿಲ್ಲ. ಮುಂದಿನ ವರ್ಷ ಶಾಲೆಗೂ ಬರಲಿಲ್ಲ" ಅಂದು ಮೇಷ್ಟ್ರು ಮಾತು ಮುಗಿಸಿದರು.

*

ಕೊನೆಗೆ ನನ್ನ ಸರದಿ.

ನಾನು ಈ ಪುಸ್ತಕವನ್ನು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹದಿನೈದು ರೂಪಾಯಿಗೆ ಕೊಂಡಾಗ ನನಗೆ ಇಪ್ಪತ್ತೊಂದು. ಕನ್ನಡ ಮೀಡಿಯಂನಲ್ಲಿ ಓದಿ ಬೆಂಗಳೂರಿಗೆ ಬಂದಿದ್ದೆ. ಮೊದಲ ಲ್ಯಾಬಿನಲ್ಲಿ ಒಂದು ಸಾಮಾನು ಬೇಕಾಗಿತ್ತು, ಇಂಗ್ಲಿಷ್ ಹೆಸರು ನೆನಪಿಗೆ ಬರದೆ "ಲಾಳಿಕೆ" ಅಂದುಬಿಟ್ಟೆ. ಪಕ್ಕದವನು, "ಏನು? ಆಲಿಕೆನಾ? ಅದೂ ತಪ್ಪಾ?" ಅಂತ ನಕ್ಕ. ಇಂಗ್ಲಿಷೂ ಬರೋದಿಲ್ಲ, ಮನೆಯ ಕನ್ನಡವೂ ತಪ್ಪು ಅಂತಾಯ್ತು. ಮುಖ ಕೆಂಪಗಾಯಿತು.

ಈಗ ಕೇಳಿ. ಐದನೇ ಅಧ್ಯಾಯದಲ್ಲಿ ಸ್ಟೀಫನ್ ಮತ್ತು ಕಾಲೇಜಿನ ಡೀನ್ ಮಧ್ಯೆ ಮಾತು ನಡೆಯೋದು ಇದೇ ಲಾಳಿಕೆಯ ಬಗ್ಗೆ! ದೀಪಕ್ಕೆ ಎಣ್ಣೆ ಹಾಕುವ ಲಾಳಿಕೆಗೆ ಸ್ಟೀಫನ್ 'ಟಂಡಿಶ್' ಅನ್ನುತ್ತಾನೆ. ಇಂಗ್ಲೆಂಡಿನಿಂದ ಬಂದ ಡೀನ್ ಆ ಪದವನ್ನೇ ಕೇಳಿಲ್ಲ, ಅದು ನಿಮ್ಮ ಐರ್ಲೆಂಡಿನ ಪದವಾ ಅಂತ ಕೇಳುತ್ತಾನೆ. ಸ್ಟೀಫನ್ನನಿಗೆ ಒಳಗೇ ಉರಿಯುತ್ತದೆ. ಈ ಭಾಷೆ ಮೊದಲು ಇವನದು, ಆಮೇಲೆ ನನ್ನದು, ನಾನಾಡುವ ಪದವೆಲ್ಲ ಎರವಲು ಅನ್ನಿಸುತ್ತದೆ. ಎಷ್ಟೋ ದಿನದ ಮೇಲೆ ನಿಘಂಟಿನಲ್ಲಿ ಹುಡುಕಿದರೆ ಅದು ಅಪ್ಪಟ ಹಳೆಯ ಇಂಗ್ಲಿಷ್ ಪದ! ಹಾಸ್ಟೆಲ್ಲಿನ ಮಂಚದ ಮೇಲೆ ಇದನ್ನು ಓದಿ ನಾನು ಎದ್ದು ಕೂತೆ. ಎಲ್ಲೋ ಡಬ್ಲಿನ್ನಿನಲ್ಲಿ ಯಾರೋ ನನ್ನ ಅವಮಾನವನ್ನು ನನಗಿಂತ ಮೊದಲೇ ಬರೆದಿಟ್ಟಿದ್ದ. ಅವತ್ತಿನಿಂದ ನಾನು ಸ್ಟೀಫನ್ ಪಕ್ಷ.

ಅದರ ಬೆಲೆ ಕಟ್ಟಿದ್ದು ನಾನಲ್ಲ.

ಆ ವರ್ಷ ಅಪ್ಪನ ಮೊದಲ ವರ್ಷದ ತಿಥಿ. ಊರಿಗೆ ಹೋಗಿದ್ದೆ. ಹಿಂದಿನ ರಾತ್ರಿ ಅಮ್ಮನಿಗೆ, "ನನಗೆ ಇದರಲ್ಲಿ ನಂಬಿಕೆ ಇಲ್ಲ, ನಾನು ಕೂರೋದಿಲ್ಲ" ಅಂದೆ. ಸ್ಟೀಫನ್ ಈಸ್ಟರ್ ಪೂಜೆಗೆ ಬಾ ಅಂದ ಅಮ್ಮನಿಗೆ ಒಲ್ಲೆ ಅಂದ ಹಾಗೇ. ಪುಸ್ತಕದಲ್ಲಿ ಕೆಂಪು ಪೆನ್ನಲ್ಲಿ ಗೆರೆ ಎಳೆದಿಟ್ಟುಕೊಂಡಿದ್ದೆ ಆ ಪುಟಕ್ಕೆ. ಗೆಳೆಯ ಕ್ರ್ಯಾನ್ಲಿ ಸ್ಟೀಫನ್ನನನ್ನು ಕೇಳುತ್ತಾನೆ, ನಿನ್ನಮ್ಮ ಸುಖವಾಗಿ ಬದುಕಿದಳಾ, ಎಷ್ಟು ಮಕ್ಕಳನ್ನು ಹೆತ್ತಳು, ಅವಳು ಕೇಳಿದ್ದು ಮಾಡಿದರೆ ನಿನಗೇನು ಹೋಗುತ್ತೆ ಅಂತ. ಅಮ್ಮನ ಪ್ರೀತಿಯೊಂದು ಬಿಟ್ಟರೆ ಈ ಲೋಕದಲ್ಲಿ ಖಾತ್ರಿ ಅನ್ನೋದು ಏನಿದೆ ಅನ್ನೋ ಥರ ಮಾತಾಡುತ್ತಾನೆ. ಆಗ ಕ್ರ್ಯಾನ್ಲಿಯನ್ನು ಕಂಡರೆ ನನಗೆ ಅಸಹ್ಯ. ಅಂಚಿನಲ್ಲಿ 'ಹೇಡಿ' ಅಂತ ಬರೆದಿದ್ದೆ. ಈಗಲೂ ಇದೆ ಅದು.

ತಮ್ಮ ಕೂತ. ಅವನಿಗೆ ಆಗ ಹದಿನಾಲ್ಕು. ಅಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಮಾರನೆಯ ದಿನ ಬಸ್ಸಿಗೆ ಹೊರಟಾಗ ಬ್ಯಾಗಿಗೆ ಬಟ್ಟೆ ಮಡಿಸಿಟ್ಟಳು. ಉಪ್ಪಿನಕಾಯಿ ಬಾಟಲಿ ಒಡೆಯಬಾರದು ಅಂತ ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಮಧ್ಯದಲ್ಲಿ ಇಟ್ಟಳು.

ಕಾದಂಬರಿಯ ಕೊನೆಯ ಪುಟಗಳು ಸ್ಟೀಫನ್ನನ ದಿನಚರಿ. ಅದರಲ್ಲಿ ಏಪ್ರಿಲ್ 26ರ ಟಿಪ್ಪಣಿ ಇದೆ. ಅಮ್ಮ ಅವನ ಬಟ್ಟೆ ಜೋಡಿಸುತ್ತಿದ್ದಾಳೆ, ಹೊಸದಾಗಿ ಕೊಂಡ ಯಾರದೋ ಹಳೆಯ ಬಟ್ಟೆ. ಮನೆಯಿಂದ ದೂರ ಹೋದಮೇಲಾದರೂ ಹೃದಯ ಅಂದರೇನು ಅಂತ ಇವನು ಕಲಿಯಲಿ ಎಂದು ಪ್ರಾರ್ಥಿಸುತ್ತಿದ್ದಾಳಂತೆ. ಇಪ್ಪತ್ತೊಂದರಲ್ಲಿ ನಾನು ಅದನ್ನು ದಾಟಿ ಕೊನೆಯ ಸಾಲುಗಳಿಗೆ ಓಡಿದ್ದೆ, ರೆಕ್ಕೆ ಬಿಚ್ಚುವ ಜಾಗಕ್ಕೆ. ಈ ಸಲ ನಾನು ನಿಂತಿದ್ದು ಅಲ್ಲಿ. ಆ ಬಟ್ಟೆಗಳ ಹತ್ತಿರ. ಮುಂದಿನ ಅರ್ಧ ಪುಟ ಓದೋಕೆ ನಾಲ್ಕು ದಿನ ಹಿಡಿಯಿತು.

ನಂಬಿಕೆ ಇಲ್ಲದೆ ತಿಥಿಗೆ ಕೂರಬೇಕಿತ್ತಾ? ಇವತ್ತೂ ನನಗೆ ಗೊತ್ತಿಲ್ಲ. ನಂಬಿಕೆ ಇವತ್ತೂ ಇಲ್ಲ. ಆದರೆ ಅವತ್ತು ನಾನು ಆಡಿದ ಮಾತು ನನ್ನದಾಗಿರಲಿಲ್ಲ, ಎರವಲು ತಂದದ್ದು. ಭಾಷೆ ಎರವಲು ಅಂತ ಅಷ್ಟು ನೊಂದುಕೊಂಡವನು ಸಿಟ್ಟನ್ನೂ ಎರವಲು ತಂದಿದ್ದೆ.

*

ಭಾನುವಾರ ರಾತ್ರಿ ಊರಿಗೆ ಫೋನ್ ಮಾಡಿದೆ. ಅಮ್ಮನಿಗೆ ಈಗ ಎಪ್ಪತ್ತೆಂಟು. ಅಡಿಕೆ ರೇಟು, ಮಳೆ, ಮಂಡಿನೋವು ಎಲ್ಲ ಆದಮೇಲೆ "ಒಂದು ಕತೆ ಹೇಳಲಾ?" ಅಂತ ಸ್ಟೀಫನ್ ಕತೆ ಪೂರ್ತಿ ಹೇಳಿದೆ. ಕತ್ತು ತೊಳೆಯೋದಕ್ಕೆ ನಕ್ಕಳು. ನರಕದ ವಿಷಯಕ್ಕೆ "ಮಕ್ಕಳಿಗೆ ಅದೆಲ್ಲ ಹೇಳಬಾರದು" ಅಂದಳು. ಬಟ್ಟೆ ಜೋಡಿಸುವ ಜಾಗ ಬಂದಾಗ ನನ್ನ ಗಂಟಲು ಸ್ವಲ್ಪ ಹಿಡಿಯಿತು. ಅವಳು ಗಮನಿಸಿದಳೋ ಇಲ್ಲವೋ.

"ಅವನು ಹೋದಮೇಲೆ ಅವನ ತಾಯಿ ಏನಾದಳು?" ಅಂತ ಕೇಳಿದಳು.

ನಮ್ಮ ಐದು ಜನರಲ್ಲಿ ಯಾರೂ ಕೇಳಿರದ ಪ್ರಶ್ನೆ. ಅದು ಈ ಪುಸ್ತಕದಲ್ಲಿ ಇಲ್ಲ. 1922ರಲ್ಲಿ ಬಂದ 'ಯುಲಿಸಿಸ್'ನಲ್ಲಿ ಇದೆ. ಸತ್ತ ತಾಯಿ ಅಲ್ಲಿ ಸ್ಟೀಫನ್ನನನ್ನು ದಿನವಿಡೀ ಕಾಡುತ್ತಾಳೆ. ಜಾಯ್ಸ್ ಬದುಕಿನಲ್ಲೂ ಆಗಿದ್ದು ಅದೇ. ಪ್ಯಾರಿಸ್ಸಿನಲ್ಲಿದ್ದವನಿಗೆ 1903ರ ಏಪ್ರಿಲಿನಲ್ಲಿ ತಂತಿ ಬಂತು, ಅಮ್ಮ ಸಾಯುತ್ತಿದ್ದಾಳೆ ಅಂತ. ವಾಪಸ್ ಬಂದ. ಆಗಸ್ಟ್ 13ಕ್ಕೆ ಆಕೆ ತೀರಿಕೊಂಡಳು. ಕೊನೆಗಾಲದಲ್ಲಿ ಹಾಸಿಗೆ ಸುತ್ತ ಮಂಡಿಯೂರಿ ಪ್ರಾರ್ಥನೆ ಮಾಡಿ ಅಂದಾಗ ಇವನು ಊರಲಿಲ್ಲ.

ಇದನ್ನೆಲ್ಲ ಹೇಳಿದೆ. ಮುಚ್ಚಿಡಲಿಲ್ಲ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಆಮೇಲೆ, "ಮಂಡಿ ಊರದಿದ್ರೆ ಏನಂತೆ, ಬಂದನಲ್ಲ" ಅಂದಳು. "ನೀನು ಹಬ್ಬಕ್ಕೆ ಬರ್ತೀಯಾ?"

ಬರ್ತೀನಿ ಅಂದೆ.

ಇಷ್ಟು ಬರೆದ ಮೇಲೆ ಈ ಪುಸ್ತಕ ಚೆನ್ನಾಗಿದೆಯಾ ಇಲ್ಲವಾ ಅಂತ ನೀವು ಕೇಳಿದರೆ ನಾನು ಉತ್ತರ ಹೇಳಲಾರೆ. ಐದು ಜನ ಐದು ಪುಸ್ತಕ ಓದಿದ್ದೇವೆ ಅನ್ನಿಸುತ್ತದೆ. ಪುಸ್ತಕ ಬದಲಾಗಲಿಲ್ಲ, ಅದರ ಅಂಚಿನಲ್ಲಿ 'ಹೇಡಿ' ಅಂತ ಬರೆದವನು ಸ್ವಲ್ಪ ಬದಲಾಗಿದ್ದಾನೆ, ಅಷ್ಟೇ. ಅದನ್ನು ಅಳಿಸಲು ಹೋಗಿಲ್ಲ. ಇರಲಿ ಬಿಡಿ, ಅದೂ ಒಬ್ಬ ಓದುಗನ ಅಭಿಪ್ರಾಯ.

ನಿಮಗೂ ಇಂಥದ್ದೊಂದು ಪುಸ್ತಕ ಇರುತ್ತಲ್ಲ? ಯಾವ ಪುಟದಲ್ಲಿ ನಿಂತಿರಿ, ಯಾಕೆ ನಿಂತಿರಿ, ಪುರುಸೊತ್ತಾದಾಗ ಬರೆಯಿರಿ. ಕಾಯ್ತಿರ್ತೀನಿ.